ಅಮ್ಮನ ದ್ರಾಕ್ಷಿ ಕಣಿವೆ

ಆಗಸ್ಟ್ 3, ಭಾನುವಾರ

ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಅಮ್ಮ ಊಟಕ್ಕೆ ಬಂದಿದ್ದಳು. ಉಪ್ಪು ಈ ಕಡೆ ಸರಿಸು ಅನ್ನುವಷ್ಟೇ ಸಲೀಸಾಗಿ ಸುದ್ದಿ ಹಾಕಿದಳು.

"ಅಕ್ಟೋಬರಲ್ಲಿ ದ್ರಾಕ್ಷಿ ಕಣಿವೆಗೆ ಹೋಗೋಣ ಅಂತಿದೀನಿ. ನಾಲ್ಕು ದಿನ. ಆಗ ಕೊಯ್ಲಂತೆ. ವೈನ್ ಮಾಡೋದನ್ನ ಕಣ್ಣೆದುರಿಗೇ ತೋರಿಸ್ತಾರಂತೆ."

"ಒಬ್ಬಳೇನಾ?"

"ಒಬ್ಬಳೇ ಯಾಕೆ ಹೋಗ್ಲಿ? ಕನ್ನಡಕದವರೂ ಬರ್ತಾರೆ."

ನನ್ನ ಮಗಳು ಚಪ್ಪಾಳೆ ತಟ್ಟಿದಳು. ನಮ್ಮ ಮನೆಯವರು ತಟ್ಟೆಯೊಳಗೆ ಮುಖ ಹುದುಗಿಸಿದರು, ಭುಜ ಮಾತ್ರ ಕುಲುಕುತ್ತಿತ್ತು. ಮೇಜಿನ ಕೆಳಗೆ ಅವರ ಕಾಲು ತುಳಿದೆ.

ಕನ್ನಡಕದವನೆಂದರೆ ಬಸ್ ನಿಲ್ದಾಣದ ಎದುರು ಅಂಗಡಿ ಇಟ್ಟುಕೊಂಡಿರುವವನು. ಹೆಂಡತಿ ಎಂದೋ ತೀರಿಕೊಂಡಿದ್ದಾಳಂತೆ. ಹೋದ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಹೊಸ ಕನ್ನಡಕ ಅಲ್ಲೇ ಮಾಡಿಸಿದ್ದು. ಅದು ಒಮ್ಮೆ ಮೂಗಿನ ಮೇಲೆ ಜಾರಿತು, ಒಮ್ಮೆ ಕಿವಿಯ ಹಿಂದೆ ಒತ್ತಿತು, ಇನ್ನೊಮ್ಮೆ ಸ್ಕ್ರೂ ಸಡಿಲವಾಯಿತು. ಪ್ರತಿ ಸಲವೂ ಅಮ್ಮ ಅಂಗಡಿಗೆ ಹೋದಳು. ಒಂದು ಕನ್ನಡಕ ಅಷ್ಟು ಸಲ ಕೆಡುವುದಿಲ್ಲ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಅಮ್ಮ ಹೆರಿಗೆ ವಾರ್ಡಿನ ಹೆಡ್ ನರ್ಸ್ ಆಗಿ ನಿವೃತ್ತಳಾದವಳು. ಕಾಲೇಜು ಪ್ರಿನ್ಸಿಪಾಲರ ಹೆಂಡತಿ. ಕೆಮ್ಮಿನ ಸಿರಪ್ಪಿಗಿಂತ ಖಡಕ್ಕಾದದ್ದನ್ನು ಬಾಯಿಗೆ ಹಾಕಿದವಳಲ್ಲ. ಈಗ ಅರವತ್ತೈದರಲ್ಲಿ, ಅಪ್ಪ ಹೋಗಿ ಆರು ವರ್ಷಕ್ಕೆ, ಪರಗಂಡಸಿನ ಜೊತೆ ವೈನ್ ಕುಡಿಯಲು ಹೊರಟಿದ್ದಾಳೆ.

"ಟಿಕೆಟ್ಟು, ರೂಮು ಎಲ್ಲ ನೀನೇ ನೋಡು ಕಣೇ," ಅಂದಳು. "ನಿಮ್ಮ ಡಾಕ್ಟರುಗಳಿಗೆಲ್ಲ ಮಾಡ್ತೀಯಲ್ಲ."

ಹಲ್ಲಿನ ಆಸ್ಪತ್ರೆಯ ಕಚೇರಿಯಲ್ಲಿ ನನ್ನ ಕೆಲಸವೇ ಅದು, ಡಾಕ್ಟರುಗಳ ಸಮ್ಮೇಳನಗಳಿಗೆ ಏರ್ಪಾಡು ಮಾಡುವುದು. ನನಗೆ ಗೊತ್ತಾಗುವುದಿಲ್ಲ ಎನ್ನುವ ಹಾಗಿರಲಿಲ್ಲ. "ಆಯ್ತಮ್ಮ, ಅದಕ್ಕೇನು," ಅಂದೆ. ನಕ್ಕೂ ನಕ್ಕೆ.

ಆಗಸ್ಟ್ 6, ಬುಧವಾರ

ಊಟದ ವಿರಾಮದಲ್ಲಿ ಕಣಿವೆಯ ಅತಿಥಿಗೃಹಕ್ಕೆ ಫೋನ್ ಮಾಡಿದೆ. ಎತ್ತಿದ್ದು ಅದನ್ನು ನಡೆಸುವ ಹೆಂಗಸು. ತುಂಬಾ ಉತ್ಸಾಹದವಳು.

"ಗಂಡ ಹೆಂಡ್ತೀನಾ ಮೇಡಂ? ತೋಟದ ಕಡೆ ಕಿಟಕಿ ಇರೋ ದೊಡ್ಡ ರೂಮೇ ಕೊಡ್ತೀನಿ."

"ಅಲ್ಲ ಅಲ್ಲ! ಎರಡು ಬೇರೆ ಬೇರೆ ರೂಮು ಬೇಕು."

"ಅಕ್ಕಪಕ್ಕ ಕೊಡ್ಲಾ?"

"ಬೇಡ. ಒಂದು ಕೆಳಗೆ, ಒಂದು ಮೇಲೆ ಕೊಡಿ."

ಆಕೆ ಮೆತ್ತಗೆ, "ಜಗಳ ಆಡಿದಾರಾ, ಪಾಪ?" ಅಂದಳು.

ಅಮ್ಮನನ್ನು ಕೇಳದೆಯೇ ಎರಡು ರೂಮು ಹಿಡಿದೆ. ಕೇಳುವುದಾದರೂ ಹೇಗೆ? ಅಂಥ ಪ್ರಶ್ನೆಯನ್ನು ಹೆತ್ತ ತಾಯಿಗೆ ಕೇಳಲು ನನಗೆ ನಾಲಿಗೆ ಹೊರಳುವುದಿಲ್ಲ.

ಆಗಸ್ಟ್ 10, ಭಾನುವಾರ

ಅಮ್ಮನ ಮನೆಯಲ್ಲಿ ಪ್ರವಾಸದ ಸಭೆ. ನಾನು ಹೋಗುವ ಹೊತ್ತಿಗೆ ಆತ ಆಗಲೇ ಬಂದು ಅಪ್ಪನ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅಪ್ಪನ ಕುರ್ಚಿಯಲ್ಲೇ ಕೂತಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ತಿಳಿನೀಲಿ ಶರ್ಟು, ಇಸ್ತ್ರಿ ಮಾಡಿ ಮಾಡಿ ಹೊಳಪು ಬಂದ ಪ್ಯಾಂಟು, ಕುತ್ತಿಗೆಯಲ್ಲಿ ದಾರಕ್ಕೆ ನೇತುಬಿದ್ದ ಕನ್ನಡಕ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಚಾಳಿ ಬೇರೆ. ಅಪ್ಪ ಬಾಯಿ ತೆರೆದರೆ ಮನೆಯೇ ಗಪ್ ಚಿಪ್ ಆಗುತ್ತಿತ್ತು. ಇವನು ಬಾಯಿ ತೆರೆದರೆ ಅಮ್ಮ ನಡುವೆ ಬಾಯಿ ಹಾಕುತ್ತಾಳೆ.

ಮೇಜಿನ ತುಂಬ ಕಣಿವೆಯ ನಕ್ಷೆ ಹರಡಿತ್ತು. ಮೊದಲ ದಿನ ನದಿಯ ಪಕ್ಕದಲ್ಲೇ ಸಾಗುವ ರೈಲು. ಮಾರನೆಯ ದಿನ ನೆಲಮಾಳಿಗೆಯಲ್ಲಿ ಮರದ ಪೀಪಾಯಿಗಳನ್ನು ನೋಡುವುದು. ಆಮೇಲೆ ಟ್ರ್ಯಾಕ್ಟರ್ ಗಾಡಿಯಲ್ಲಿ ಕೂತು ತೋಟ ಸುತ್ತುವುದು, ಕೊಯ್ಲಿನವರ ಜೊತೆ ಒಂದು ಬುಟ್ಟಿ ದ್ರಾಕ್ಷಿ ಕೀಳುವುದು. ಅಮ್ಮನಿಗೆ ಈ ಕೀಳುವುದರ ಮೇಲೇ ಕಣ್ಣು. ಟೋಪಿ ಕೂಡ ಕೊಂಡಿದ್ದಾಳೆ.

"ರುಚಿ ನೋಡೋ ಕೋಣೇಲಿ ಒಂದು ಪಾತ್ರೆ ಇಟ್ಟಿರ್ತಾರಂತೆ," ಅಂದ ಆತ. "ವೈನ್ ಬಾಯಿಗೆ ಹಾಕ್ಕೊಂಡು, ಮುಕ್ಕಳಿಸಿ, ಅದಕ್ಕೆ ಉಗೀಬೇಕಂತೆ."

"ಅಷ್ಟು ದೂರ ಹೋಗಿ ಉಗಿದು ಬರೋದಾ? ನಾನಂತೂ ನುಂಗೋಳೇ."

"ನೀವು ನುಂಗಿ. ನಿಮ್ಮನ್ನ ಹಿಡ್ಕೊಂಡು ನಡೆಸೋಕೆ ಒಬ್ಬರು ಬೇಕಲ್ಲ, ನಾನು ಉಗೀತೀನಿ."

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಿಟಕಿ ತೆರೆದಿತ್ತು. ಪಕ್ಕದ ಮನೆಗೆ ಕೇಳಿಸೀತೆಂದು ಎದ್ದು ಮುಚ್ಚಿದೆ.

ರೂಮು ಕೆಳಗೊಂದು, ಮೇಲೊಂದು ಅಂದಾಗ ಅಮ್ಮ, "ಅಯ್ಯೋ, ಮೇಲಿಂದು ಬೇಡ ಕಣೇ. ಇವರಿಗೆ ಮೆಟ್ಟಿಲು ಹತ್ತಿದ್ರೆ ಮೊಣಕಾಲು ಹಿಡ್ಕೊಳ್ಳುತ್ತೆ," ಅಂದಳು.

ಇವರಿಗೆ.

ಅಮ್ಮನ ಬಾಯಲ್ಲಿ 'ಇವರು' ಅಂದರೆ ಅಪ್ಪ. ಇವರಿಗೆ ಕಾಫಿ ಬೇಕಂತೆ, ಇವರು ಬರೋ ಹೊತ್ತಾಯಿತು, ಇವರ ಕೋಪ ಗೊತ್ತಲ್ಲ. ಹುಟ್ಟಿದಾಗಿನಿಂದ ಕೇಳಿದ ಶಬ್ದ. ಅದನ್ನು ತೆಗೆದು ಇನ್ನೊಬ್ಬನ ಮುಂದಿಟ್ಟಳು, ಅವಳಿಗದು ಗೊತ್ತೂ ಆಗಲಿಲ್ಲ.

ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದಳು. "ಎರಡು ರೂಮು ಯಾಕೆ?"

"ಸೀಸನ್ ಅಲ್ವೇನಮ್ಮ. ದೊಡ್ಡ ರೂಮು ಖಾಲಿ ಇರಲಿಲ್ಲ."

"ಹೌದಾ," ಅಂದು ಕಪ್ಪುಗಳನ್ನು ಒರೆಸತೊಡಗಿದಳು. ಆ ವಾರ್ಡಿನಲ್ಲಿ ಸುಳ್ಳು ಹೇಳುವ ಎಷ್ಟು ಹೆಣ್ಣುಮಕ್ಕಳನ್ನು ನೋಡಿದ್ದಾಳೋ. ನನ್ನ ಮುಖ ನೋಡಲಿಲ್ಲ.

ಆಗಸ್ಟ್ 14, ಗುರುವಾರ

ನಮ್ಮ ಆಸ್ಪತ್ರೆಯ ರಿಸೆಪ್ಷನ್ ಹುಡುಗಿ ಕೇಳಿದಳು: "ನಿಮ್ಮ ತಾಯಿನ ಪಾರ್ಕಲ್ಲಿ ನೋಡಿದೆ ಮೇಡಂ. ಎಷ್ಟು ಲವಲವಿಕೆಯಿಂದ ಇದಾರೆ! ಜೊತೇಲಿದ್ದೋರು ಯಾರು?"

"ನಮ್ಮ ಸೋದರಮಾವ," ಅಂದೆ.

ಇನ್ನು ಮೇಲೆ ನಮ್ಮ ಸೋದರಮಾವ ಪಾರ್ಕಿನಲ್ಲಿ ಅಕ್ಕನ ಕೈ ಹಿಡಿದುಕೊಂಡು ಓಡಾಡಿದರೆ ಈ ಹುಡುಗಿಗೆ ಏನೆನ್ನಲಿ? ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ?

ಆಗಸ್ಟ್ 19, ಮಂಗಳವಾರ

ಅಂಗಡಿಗೆ ಹೋಗಿದ್ದೆ.

ಗಿರಾಕಿಗಳಿರಲಿಲ್ಲ. ಆತ ಎದ್ದು ನಿಂತ. ನಾನು ಕೂರುವ ಮೊದಲೇ, "ನಿಮ್ಮ ಕನ್ನಡಕ ಜಾರ್ತಿದೆ, ಕೊಡಿ ಇಲ್ಲಿ," ಅಂದ. ತೆಗೆದು ಕೊಟ್ಟೆ. ಕನ್ನಡಕವಿಲ್ಲದೆ ನನಗೆ ಎದುರಿನವರ ಮುಖ ಬರೀ ಮಸುಕು. ಅದರಿಂದಲೇ ಧೈರ್ಯ ಬಂದಿರಬೇಕು, ಒಂದೇ ಉಸಿರಿಗೆ ಹೇಳಿಬಿಟ್ಟೆ. ನೀವು ದೊಡ್ಡವರು, ತಪ್ಪು ತಿಳಿಯಬೇಡಿ. ಈ ಪ್ರವಾಸ ಬೇಡ. ನನ್ನದೇನಿಲ್ಲ, ನನ್ನ ತಮ್ಮನಿಗೆ ಇದು ಸ್ವಲ್ಪವೂ ಹಿಡಿಸಿಲ್ಲ. ಅವನು ತನ್ನೂರಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡು ನಾಲ್ಕು ಜನರ ನಡುವೆ ಇರುವವನು. ನನ್ನ ಮಗಳೂ ಬೆಳೆಯುತ್ತಿದ್ದಾಳೆ.

ತಮ್ಮನಿಗೆ ವಿಷಯವೇ ಗೊತ್ತಿಲ್ಲ. ನಾನು ಅವನಿಗೆ ಹೇಳಿಯೇ ಇಲ್ಲ.

ಚಿಕ್ಕ ಇಕ್ಕಳವೊಂದು ನನ್ನ ಕನ್ನಡಕದ ಕಡ್ಡಿ ಬಾಗಿಸುವ ಸದ್ದು ಕೇಳಿಸಿತು.

"ಅಮ್ಮನಿಗೆ ಹೇಳಿದೀರಾ?"

"ಇಲ್ಲ. ಅಮ್ಮನಿಗೆ ಬೇಜಾರಾಗುತ್ತೆ."

"ಹೂಂ." ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಮೊಣಕಾಲು ನೋವು ಅಂತೀನಿ. ಹೇಗೂ ಅದೇನು ಸುಳ್ಳಲ್ಲ."

ಕನ್ನಡಕ ವಾಪಸು ಕೊಟ್ಟರು. ಹಾಕಿಕೊಂಡ ಮೇಲೆ ಎಲ್ಲವೂ ಚೆನ್ನಾಗಿ ಕಂಡಿತು. ಅವರು ಬೆನ್ನು ತಿರುಗಿಸಿ ಗಾಜಿನ ಕಪಾಟಿನಲ್ಲಿ ಏನೋ ಜೋಡಿಸುತ್ತಿದ್ದರು. ಅಲ್ಲಿ ಜೋಡಿಸಲು ಏನೂ ಇರಲಿಲ್ಲ.

ಕನ್ನಡಕ ಈಗ ಎಷ್ಟು ಅಲುಗಿಸಿದರೂ ಜಾರುತ್ತಿಲ್ಲ.

ಆಗಸ್ಟ್ 21, ಗುರುವಾರ

ಅಮ್ಮನ ಫೋನ್. ಅವರಿಗೆ ಮೊಣಕಾಲು, ಪ್ರವಾಸ ಇಲ್ಲ. ನಾನು "ಅಯ್ಯೋ ಪಾಪ" ಅಂದೆ. ಫೋನ್ ಇಟ್ಟವಳೇ ಅತಿಥಿಗೃಹಕ್ಕೆ ಮಾತಾಡಿ ಎರಡೂ ರೂಮು ಬಿಟ್ಟೆ.

ಆಗಸ್ಟ್ 31, ಭಾನುವಾರ

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ.

ಅಮ್ಮನ ಮನೆಯಲ್ಲಿ ಚಪ್ಪಲಿ ಗೂಡಿನ ತಳಕ್ಕೆ ಹೊಸ ಕಾಗದ ಹಾಸಿತ್ತು. ಬಗ್ಗಿ ನೋಡಿದೆ. ನದಿ, ರೈಲು ಹಳಿ, ಅಮ್ಮ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದ ತೋಟಗಳು. ಅದರ ಮೇಲೆ ಅವಳ ವಾಕಿಂಗ್ ಶೂಗಳು.

"ಹಳೇದು ಹರಿದಿತ್ತು, ಇದು ಸುಮ್ನೆ ಬಿದ್ದಿತ್ತು," ಅಂದಳು.

ಕನ್ನಡಕದವರ ಕಾಲು ಹೇಗಿದೆ ಎಂದು ಕೇಳಿದೆ. ಕೇಳದಿದ್ದರೆ ಅನುಮಾನ ಬರುತ್ತದಲ್ಲ.

"ಗೊತ್ತಿಲ್ಲ ಕಣೇ. ಎರಡು ಸಲ ಹೋಗಿ ಮುಲಾಮು ಕೊಟ್ಟು ಬಂದೆ. ತಗೊಂಡ್ರು. ಆದ್ರೆ ಕೂತ್ಕೊಳ್ಳಿ ಅನ್ನಲಿಲ್ಲ. ಪಾರ್ಕಿಗೂ ಬರ್ತಿಲ್ಲ." ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ನಾನೇ ಜಾಸ್ತಿ ಸಲುಗೆ ತಗೊಂಡೆ ಅನ್ಸುತ್ತೆ. ಅವರು ಬಾಯಿಮಾತಿಗೆ ಹೂಂ ಅಂದಿದ್ರೇನೋ. ನಾನು ಟೋಪಿ ಗೀಪಿ ಅಂತ ಕುಣಿದುಬಿಟ್ಟೆ. ಈ ವಯಸ್ಸಲ್ಲಿ... ಥೂ, ನನಗೇ ನಾಚಿಕೆ ಆಗುತ್ತೆ."

ಹೆರಿಗೆ ಬೇನೆಯಲ್ಲಿ ಬೈದವರನ್ನೂ, ಕುಡಿದು ಬಂದ ಗಂಡಂದಿರನ್ನೂ, ದೊಡ್ಡ ಡಾಕ್ಟರುಗಳನ್ನೂ ಒಂದೇ ನೋಟಕ್ಕೆ ತಣ್ಣಗಾಗಿಸುತ್ತಿದ್ದವಳು. ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಹಾಗೇನಿಲ್ಲಮ್ಮ," ಅಂದೆ. ಮಗಳಿಗೆ ಟ್ಯೂಷನ್ ಇದೆಯೆಂದು ಹೇಳಿ ಬಂದುಬಿಟ್ಟೆ. ಭಾನುವಾರ ಟ್ಯೂಷನ್ ಇರುವುದಿಲ್ಲ.

ಸೆಪ್ಟೆಂಬರ್ 4, ಗುರುವಾರ

ತಮ್ಮ ಫೋನ್ ಮಾಡಿದ್ದ. "ಅಕ್ಕ, ಅಮ್ಮನ ಟ್ರಿಪ್ ಕ್ಯಾನ್ಸಲ್ ಅಂತೆ? ಛೆ, ಬ್ಯಾಗ್ ಕೊಡಿಸಬೇಕು ಅಂತಿದ್ದೆ ನಾನು."

"ನಿನಗೆ ಯಾರು ಹೇಳಿದ್ರು?"

"ಅಮ್ಮನೇ. ಮೊದಲನೇ ದಿನವೇ ಹೇಳಿದ್ಳು. ಕನ್ನಡಕದವರ ಹತ್ರಾನೂ ಫೋನಲ್ಲಿ ಮಾತಾಡಿದೀನಿ. ಒಳ್ಳೇ ತಮಾಷೆ ಮನುಷ್ಯ ಅಲ್ವಾ?"

ಯಾವತ್ತು ಮಾತಾಡಿದ್ದೆಂದು ಕೇಳಿದೆ. ಜುಲೈನಲ್ಲಂತೆ.

ಅಂದರೆ ಅಂಗಡಿಯಲ್ಲಿ ತಮ್ಮನ ಹೆಸರು ಹೇಳಿ ನಾನು ಒದರುತ್ತಿದ್ದಾಗ ಅದು ಸುಳ್ಳೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಇಕ್ಕಳ ಹಿಡಿದುಕೊಂಡು ಕೂತಿದ್ದರು. ನನ್ನ ಮಾನ ಉಳಿಸಿದರು.

ಸಂಜೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು.

"ಅಪ್ಪ ಇದ್ದಿದ್ರೆ ಏನನ್ಕೋತಿದ್ರು ಹೇಳಿ," ಅಂದೆ ನಾನೇ.

"ನಿಮ್ಮಪ್ಪ ಅಮ್ಮನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ರಾ?"

ಯೋಚಿಸಿದೆ. ಅಪ್ಪ ಸೆಮಿನಾರುಗಳಿಗೆ ಹೋಗುತ್ತಿದ್ದರು. ಅಮ್ಮ ಸೂಟ್‌ಕೇಸ್ ತುಂಬಿ ಕೊಡುತ್ತಿದ್ದಳು. ಶರ್ಟಿನ ಮಡಿಕೆ ಮುರಿಯದ ಹಾಗೆ ತುಂಬುವುದನ್ನು ನನಗೂ ಕಲಿಸಿದ್ದಳು. ಅವಳ ಬಟ್ಟೆ ಆ ಸೂಟ್‌ಕೇಸಿಗೆ ಹೋದದ್ದು ನನಗೆ ನೆನಪಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಅರ್ಧ ದಿನ ರಜೆ ಹಾಕಿ ಅಮ್ಮನ ಮನೆಗೆ ಹೋದೆ. ಬಟ್ಟೆ ಮಡಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ರೂಮಿನ ಸುಳ್ಳು, ಸೋದರಮಾವನ ಸುಳ್ಳು, ಅಂಗಡಿಗೆ ಹೋದದ್ದು, ತಮ್ಮನನ್ನು ಎಳೆದು ತಂದದ್ದು, ಒಂದನ್ನೂ ಬಿಡಲಿಲ್ಲ.

ಕೈಯಲ್ಲಿದ್ದ ಟವೆಲನ್ನು ಮಡಿಸಿ ಮುಗಿಸಿದಳು. ಅಂಚಿಗೆ ಅಂಚು ಕೂಡಿಸಿದಳು.

"ಅವರು ಒಪ್ಕೊಂಡ್ರಾ? ಏನೂ ಕೇಳ್ದೆ?"

"ಹೂಂ."

"ಗಾಡಿ ತೆಗಿ."

ಸಿಗ್ನಲಿನಲ್ಲಿ ಒಮ್ಮೆ ಅವಳ ಕಡೆ ನೋಡಿದೆ. "ರಸ್ತೆ ನೋಡು," ಅಂದಳು.

ಅಂಗಡಿಯಲ್ಲಿ ಒಬ್ಬ ಗಿರಾಕಿ ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದ. ಅಮ್ಮ ನೇರ ಒಳಗೆ ಹೋದಳು. ನಾನು ಹಿಂದೆ.

"ನನ್ನ ವಿಷಯಾನ ನೀವಿಬ್ರೂ ಸೇರಿ ತೀರ್ಮಾನ ಮಾಡೋಕೆ ನಾನೇನು ಹಾಲು ಕುಡಿಯೋ ಮಗೂನಾ?"

ಅವರು ನನ್ನ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು. "ಅದು... ನಿಮ್ಮ ಮಗಳು. ನಿಮ್ಮಿಬ್ಬರ ಮಧ್ಯೆ ನಾನು ಬರಬಾರದು ಅನ್ನಿಸ್ತು."

"ಇಷ್ಟ ಇಲ್ಲ ಅಂದಿದ್ರೆ ಸುಮ್ನಾಗ್ತಿದ್ದೆ. ಇವಳು ಬೇಡ ಅಂದ್ಳು ಅಂತ ಬಾಯಿ ಮುಚ್ಕೊಂಡು ಕೂತ್ರಲ್ಲ! ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ನಾನು ಏನು ತಪ್ಪು ಮಾಡಿದೆ ಅಂತ ದಿನಾ ಮನಸ್ಸಲ್ಲೇ ಕೊರಗ್ತಿದ್ದೆ. ಮುಲಾಮು ಬೇರೆ ತಗೊಂಡ್ರಿ!"

"ಹಚ್ಕೊಂಡೆ."

"ಯಾವ ಕಾಲಿಗೆ?"

"ಎರಡಕ್ಕೂ."

ಗಿರಾಕಿ ಕೆಮ್ಮಿದ. ಅವನ ಕೈ ಇನ್ನೂ ಕಣ್ಣಿನ ಮೇಲೇ ಇತ್ತು. ಅಮ್ಮ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಕೂತ ಮೇಲೆ ಅಳು ಬಂತು. ಅವರು ಕನ್ನಡಕ ಒರೆಸುವ ಬಟ್ಟೆಗಳ ಕಟ್ಟಿನಿಂದ ಒಂದು ತೆಗೆದು ಅವಳಿಗೆ ಕೊಟ್ಟರು. ಹತ್ತಿರ ಹೋಗಬೇಕು ಅನ್ನಿಸಿತು. ಆದರೆ ಅಲ್ಲಿ ಹೆಜ್ಜೆ ಇಡುವ ಹಕ್ಕು ನನಗಿರಲಿಲ್ಲ.

ಅಮ್ಮ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ನಿನ್ನ ಹತ್ರ ಈಗ ಮಾತಾಡಲ್ಲ. ಮನೆಗೆ ಹೋಗು. ನಾನು ಬಸ್ಸಲ್ಲಿ ಬರ್ತೀನಿ."

ಸೆಪ್ಟೆಂಬರ್ 17, ಬುಧವಾರ

ಅತಿಥಿಗೃಹದ ಹೆಂಗಸಿನ ಫೋನ್. ಬುಕಿಂಗಿಗೆ ಕೊಟ್ಟ ನಂಬರು ನನ್ನದು.

"ನಿಮ್ಮ ತಾಯಿ ಮಾತಾಡಿದ್ರು ಮೇಡಂ. ಅಕ್ಟೋಬರ್ ಎಲ್ಲ ತುಂಬಿದೆ, ನೀವು ಬಿಟ್ಟ ಮಾರನೇ ದಿನಾನೇ ಬೇರೆಯವರಿಗೆ ಹೋಯ್ತು. ನವೆಂಬರಲ್ಲಿ ಇದೆ. ಆದ್ರೆ ಕೊಯ್ಲು ಮುಗಿದಿರುತ್ತೆ, ಬಳ್ಳಿ ಬೋಳಾಗ್ತಿರುತ್ತೆ. ಪರವಾಗಿಲ್ವಾ?"

"ಅಮ್ಮ ಏನಂದ್ರು?"

"ಪರವಾಗಿಲ್ಲ ಅಂದ್ರು. ರೂಮು ಒಂದೇ ಸಾಕಂತೆ. ಯಾವುದಕ್ಕೂ ನಿಮ್ಮನ್ನ ಒಂದು ಮಾತು ಕೇಳೋಣ ಅಂತ..."

"ನನ್ನನ್ನ ಕೇಳಬೇಡಿ," ಅಂದೆ. "ಅವರು ಹೇಳಿದ ಹಾಗೇ ಮಾಡಿ. ತೋಟದ ಕಡೆ ಕಿಟಕಿ ಇರೋದು ಕೊಡಿ. ಕೆಳಗಡೆ."

ಪಕ್ಕದ ಮೇಜಿನ ಲೆಕ್ಕಪತ್ರದವರು ತಲೆ ಎತ್ತಿ ನೋಡಿದರು. ನೋಡಲಿ.

ಅಕ್ಟೋಬರ್ 12, ಭಾನುವಾರ

ಎಲ್ಲ ಮೊದಲಿನಂತಿದ್ದರೆ ಇವತ್ತು ಅಮ್ಮ ಟೋಪಿ ಹಾಕಿಕೊಂಡು ದ್ರಾಕ್ಷಿ ಕೀಳುತ್ತಿರಬೇಕಿತ್ತು. ಇಲ್ಲಿಗೆ ಬಂದಿದ್ದಳು. ಮಗಳಿಗೆ ಜಡೆ ಹಾಕಿದಳು, ನಮ್ಮ ಮನೆಯವರ ಹತ್ತಿರ ಹರಟಿದಳು. ನನಗೆ, "ಊಟ ಚೆನ್ನಾಗಿತ್ತು," ಅಂದಳು. ನೆಂಟರ ಮನೆಯಲ್ಲಿ ಹೇಳುತ್ತಾರಲ್ಲ, ಹಾಗೆ.

ನವೆಂಬರ್ 7, ಶುಕ್ರವಾರ

ಸ್ಟೇಷನ್ನಿಗೆ ನಾನು ಬಿಡುತ್ತೇನೆ ಅಂದೆ. ಅಮ್ಮ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಅವರು ಮೊದಲೇ ಬಂದು ಕಾಯುತ್ತಿದ್ದರು. ಅದೇ ತಿಳಿನೀಲಿ ಶರ್ಟಿನ ಮೇಲೆ ಸ್ವೆಟರು. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟು, ಬ್ಯಾಗು ಮೇಲೇರಿಸಿ, ನನ್ನ ಹತ್ತಿರ ಮಾತಾಡಲು ಬಾಗಿಲಿಗೆ ಬಂದರು. ಇಷ್ಟು ದಿನವೂ ಹೇಗೆ ಹೇಳುವುದೆಂದು ಕಂಠಪಾಠ ಮಾಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ಕ್ಷಮಿಸಿ," ಅಂದೆ.

"ಏನಂದ್ರಿ?" ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ಬರುತ್ತಿತ್ತು.

"ಕ್ಷಮಿಸಿ!"

"ಕೇಳಿಸ್ತಿಲ್ಲ!"

"ಕ್ಷಮಿಸಿ ಅಂದೆ! ಅವತ್ತು ನಾನು ಸುಳ್ಳು ಹೇಳಿದೆ!"

ಕೂಗಿ ಮುಗಿಸುವ ಹೊತ್ತಿಗೆ ಆ ರೈಲು ನಿಂತುಬಿಟ್ಟಿತ್ತು. ಅವರು ಎರಡು ಸಲ ತಲೆಯಾಡಿಸಿದರು. "ಆಯ್ತು ಆಯ್ತು. ಹುಷಾರಾಗಿ ಗಾಡಿ ಓಡಿಸ್ಕೊಂಡು ಹೋಗಿ."

ಅಮ್ಮ ಕಿಟಕಿಯಿಂದ ನೋಡುತ್ತಿದ್ದಳು. ಕೈ ಬೀಸಿದೆ. ರೈಲು ಹೊರಟಾಗ ಅವಳೂ ಸ್ವಲ್ಪ ಕೈ ಎತ್ತಿದಳು, ನನಗೋ ಕಿಟಕಿಯ ಪರದೆ ಸರಿಸಲೋ ತಿಳಿಯಲಿಲ್ಲ.

ನವೆಂಬರ್ 16, ಭಾನುವಾರ

ಅಮ್ಮ ವಾಪಸು ಬಂದು ನಾಲ್ಕೈದು ದಿನವಾಯಿತು. ಹೇಗಿತ್ತೆಂದು ಕೇಳಿದ್ದಕ್ಕೆ "ಚೆನ್ನಾಗಿತ್ತು" ಅಷ್ಟೇ. ಮಗಳಿಗೆ ಗಂಟೆಗಟ್ಟಲೆ ಕಥೆ ಹೇಳಿದ್ದಾಳೆ. ಮಗಳನ್ನು ಕೇಳಿದರೆ, "ಅಜ್ಜಿನೇ ಕೇಳಮ್ಮ," ಅನ್ನುತ್ತಾಳೆ. ಕೇಳುವ ಮುಖ ನನಗೆಲ್ಲಿದೆ?

ಇವತ್ತು ಅಮ್ಮನ ಮನೆಯಲ್ಲಿ ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ಹಾಲಿನಲ್ಲಿ ಅಮ್ಮ ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನೀರಿನ ಸದ್ದಿನ ನಡುವೆ ತುಂಡು ತುಂಡಾಗಿ ಕೇಳಿಸಿತು. ಕೆಂಪು ಎಲೆ. ನೆಲಮಾಳಿಗೆ. ಅಷ್ಟು ಚಳಿ.

ನಲ್ಲಿ ನಿಲ್ಲಿಸಿದೆ.

"...ಕೊಯ್ಲು ಸಿಗಲಿಲ್ಲ ಕಣೋ. ಅದೊಂದು ನೋಡ್ಬೇಕಿತ್ತು, ಬೇಜಾರೇ. ಬುಟ್ಟಿ ಎಲ್ಲ ತೊಳೆದು ಕವುಚಿ ಹಾಕಿದ್ರು..."

ಸದ್ದು ನಿಂತದ್ದು ಅವಳಿಗೆ ತಿಳಿಯಿತು. ಮಾತು ಅರ್ಧಕ್ಕೆ ಬಿಟ್ಟಳು. ಬಾಗಿಲಿನಿಂದ ನಮ್ಮಿಬ್ಬರ ಕಣ್ಣು ಕೂಡಿತು. ಸೋಪು ಹಚ್ಚಿದ ತಟ್ಟೆ ಹಿಡಿದು ಹಾಗೇ ನಿಂತಿದ್ದೆ. ಎದ್ದು ರೂಮಿಗೆ ಹೋಗುತ್ತಾಳೆ ಅಂದುಕೊಂಡೆ.

ಎದ್ದಳು. ಕುರ್ಚಿಯನ್ನು ಎಳೆದುಕೊಂಡು ಅಡುಗೆಮನೆ ಬಾಗಿಲ ಹತ್ತಿರ ತಂದಳು. ನನ್ನ ಕಡೆ ನೋಡದೆ, ಬೆನ್ನು ಮಾಡಿ ಕೂತಳು.

"ಎಲ್ಲಿಗೆ ನಿಲ್ಸಿದ್ದೆ? ಹಾಂ, ಬುಟ್ಟಿ," ಅಂದಳು, ಮೊದಲಿಗಿಂತ ಒಂಚೂರು ಜೋರಾಗಿ. "ಕೇಳು, ಆಮೇಲೆ ಆ ತೋಟದವನ ಹೆಂಡ್ತಿ ಏನು ಮಾಡಿದ್ಳು ಗೊತ್ತಾ?"